ಗೊರಕೆ ನಿಂತರೆ ಕಾಫಿ

ನಾನು ನಿದ್ದೆ ಮಾಡುವುದನ್ನು ನಾನು ಒಮ್ಮೆಯೂ ನೋಡಿಲ್ಲ. ಹಾಗಾಗಿ ಈ ಬರಹದ ಮುಖ್ಯವಾದ ಭಾಗಕ್ಕೆ ನಾನು ಸಾಕ್ಷಿಯಲ್ಲ. ಮೈ ನನ್ನದು, ನೆನಪು ಬೇರೆಯವರದ್ದು. ಅಮ್ಮ ಹೇಳಿದ್ದು, ಹೆಂಡತಿ ಹೇಳಿದ್ದು, ಮಣಿಪಾಲದ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದ ಮೇಸ್ತ್ರಿಯೊಬ್ಬ ಹೇಳಿದ್ದು. ಒಂದೇ ಸಂಗತಿಯನ್ನು ಮೂವರೂ ಮೂರು ಬಗೆಯಾಗಿ ಹೇಳುತ್ತಾರೆ, ಮೂವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಅವರ ಮಾತನ್ನು ನಾನು ನಂಬುತ್ತೇನೋ ಇಲ್ಲವೋ ಎನ್ನುವುದರ ಮೇಲೆ ಒಂದು ಕಾಲದಲ್ಲಿ ನನ್ನ ಜೀವ ನಿಂತಿತ್ತು. ಇದು ದೊಡ್ಡ ಮಾತಾಯಿತು. ಆದರೆ ಡಾಕ್ಟರು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಒಂದೇ ಒಂದು ವಿಷಯದಲ್ಲಿ ನನಗೆ ಸ್ವಂತ ನೆನಪಿದೆ. ಆ ವರ್ಷಗಳಲ್ಲಿ ನಮ್ಮ ಮನೆಯ ಭಾನುವಾರದ ಕಾಫಿ ಯಾವಾಗಲೂ ಕುದಿಕುದಿದು ಕಹಿಯಾಗಿರುತ್ತಿತ್ತು. ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮ ಮನೆ ಕಾರ್ಕಳದಲ್ಲಿ. ಅಮ್ಮ, ಹೆಂಡತಿ, ನಾನು. ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆಯ ಮಾತು ತುಳು. ಇಲ್ಲಿ ಮನೆಯವರೆಲ್ಲ ಕನ್ನಡದಲ್ಲಿ ಮಾತಾಡುವುದು ನನ್ನ ಕೈಚಳಕ, ಅದನ್ನೂ ನೀವು ಅರ್ಧ ಮಾತ್ರ ನಂಬಿದರೆ ಸಾಕು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯ ಮುಂಭಾಗದ ಚಾವಡಿಯಲ್ಲಿ ಚಾಪೆ ಹಾಸಿ ನಾನು ಮಲಗುತ್ತಿದ್ದೆ. ತಲೆ ಚಾಪೆಗೆ ತಾಗುವುದಕ್ಕೂ ಗೊರಕೆ ಹೊರಡುವುದಕ್ಕೂ ನಡುವೆ ಒಂದು ಎಲೆಅಡಿಕೆ ಮಡಿಸುವಷ್ಟೂ ಸಮಯ ಇರಲಿಲ್ಲವಂತೆ. ಅಮ್ಮನಿಗೆ ಅದು ಹೆಮ್ಮೆಯ ವಿಷಯ. ನಿದ್ದೆ ಬಾರದೆ ಮಾತ್ರೆ ನುಂಗುವ ನೆರೆಮನೆಯವರಿಗೆ ಕೇಳಲಿ ಎಂದು ಚಾವಡಿಯ ಕಿಟಕಿಯನ್ನು ಅವರು ಮುಚ್ಚುತ್ತಿರಲಿಲ್ಲ.

ಗೊರಕೆ ಕೇಳಿಸುವಷ್ಟು ಹೊತ್ತು ಅಮ್ಮ ಒಲೆ ಮುಟ್ಟುತ್ತಿರಲಿಲ್ಲ. ಗೊರಕೆ ನಿಂತರೆ ಮಗ ಎದ್ದನೆಂದು ಅರ್ಥ. ಕೂಡಲೇ ನೀರಿಟ್ಟು, ಪುಡಿ ಹಾಕಿ, ಬಟ್ಟೆಯಲ್ಲಿ ಸೋಸಿ, ಹಾಲು ಬೆರೆಸುವುದು. ಎದ್ದವನಿಗೆ ಬಿಸಿ ಕಾಫಿ ಕಾಯುತ್ತಿರಬೇಕೇ ಹೊರತು ಕಾಫಿಗಾಗಿ ಎದ್ದವನು ಕಾಯಬಾರದು. ಇದು ನಮ್ಮ ಮನೆಗೆ ಅಜ್ಜಿಯ ಕಾಲದಿಂದ ಬಂದ ಕ್ರಮ. ಮಲಗಿದವರನ್ನು ಬಂದು ನೋಡುವುದು ಆ ಕ್ರಮದಲ್ಲಿ ಇರಲಿಲ್ಲ. ಅಡುಗೆಮನೆಯಿಂದ ಕಿವಿಯೊಂದು ಸಾಕಿತ್ತು.

ತೊಂದರೆಯೆಂದರೆ, ಹಾಲು ಬೆರೆಸುವಷ್ಟರಲ್ಲಿ ಚಾವಡಿಯಲ್ಲಿ ದೊಡ್ಡದೊಂದು ಸದ್ದಾಗಿ ಗೊರಕೆ ಪುನಃ ಹೊರಡುತ್ತಿತ್ತು.

"ಎದ್ದ ಅಂತ ಕಾಫಿ ಮಾಡಿದೆ. ನೋಡಿದ್ರೆ ಪುನಃ ಸುರು ಮಾಡಿದ್ದಾನೆ!"

"ಮಗ್ಗುಲು ಬದಲಿಸಿದ್ದಿರಬೇಕು ಅತ್ತೆ," ಎನ್ನುತ್ತಿದ್ದಳು ಹೆಂಡತಿ.

"ಇವನ ಅಪ್ಪನದ್ದೂ ಹೀಗೆಯೇ. ಬ್ರೇಕ್ ಹಾಕುವುದು, ಬಿಡುವುದು. ಬ್ರೇಕ್ ಹಾಕುವುದು, ಬಿಡುವುದು. ಲೈನ್ ಬಸ್ಸಿನ ಹಾಗೆ. ಇಳಿಯುವವರೂ ಇಲ್ಲ, ಹತ್ತುವವರೂ ಇಲ್ಲ."

ಮಾಡಿದ ಕಾಫಿ ಮತ್ತೆ ಒಲೆಗೆ. ಮತ್ತೆ ನಿಂತರೆ ಮತ್ತೆ ಬಿಸಿ. ನಾನು ನಿಜವಾಗಿ ಏಳುವಾಗ ಲೋಟದಲ್ಲಿ ಕೆನೆ ಕಟ್ಟಿದ, ಕಂದುಬಣ್ಣದ ಒಂದು ಕಷಾಯ. ಅದನ್ನೇ ಕಾಫಿಯ ರುಚಿ ಎಂದು ನಾನು ತಿಳಿದಿದ್ದೆ. ಉಡುಪಿಯ ಹೋಟೆಲುಗಳಲ್ಲಿ ಕಾಫಿ ಸಪ್ಪೆ ಎಂದು ಸಹೋದ್ಯೋಗಿಗಳ ಎದುರು ವಾದಿಸಿದ್ದೂ ಇದೆ.

ನಿದ್ದೆಯ ವಿಷಯದಲ್ಲಿ ನಾನು ಅದೃಷ್ಟವಂತ ಎಂದೇ ಎಲ್ಲರ ಅಭಿಪ್ರಾಯ. ಬೆಳಿಗ್ಗೆ ಕಾರ್ಕಳದಲ್ಲಿ ಬಸ್ಸು ಹತ್ತಿದರೆ ಬೈಲೂರು ಬರುವ ಮೊದಲೇ ನನಗೆ ನಿದ್ದೆ. ಹಿರಿಯಡಕ, ಪರ್ಕಳ, ಮಣಿಪಾಲ, ಇವೆಲ್ಲ ನನಗೆ ಸಂಜೆ ಹಿಂದೆ ಬರುವಾಗ ಮಾತ್ರ ಇದ್ದ ಊರುಗಳು. ಅಲ್ಲ, ಸಂಜೆಯೂ ಮಲಗುತ್ತಿದ್ದೆ ಎನ್ನುತ್ತಾಳೆ ಹೆಂಡತಿ. ಹಾಗಾದರೆ ಪರ್ಕಳದ ಇಳಿಜಾರು ನನಗೆ ಇಷ್ಟು ಚೆನ್ನಾಗಿ ಹೇಗೆ ನೆನಪಿದೆ? ಗೊತ್ತಿಲ್ಲ. ಕಂಡಕ್ಟರ್ ಮಾತ್ರ ನೆನಪಿದ್ದಾನೆ. ದಿನವೂ ಉಡುಪಿಯಲ್ಲಿ ನನ್ನ ಭುಜ ಅಲುಗಾಡಿಸುತ್ತಿದ್ದ.

"ಮಾಸ್ಟ್ರೇ, ಉಡುಪಿ ಬಂತು. ಇವತ್ತಿನ ಪಾಠ ಬಸ್ಸಿನಲ್ಲೇ ಮುಗಿಸಿದ್ರಾ? ಹಿಂದಿನ ಸೀಟಿನವರಿಗೂ ಕೇಳಿದೆ."

ಅಷ್ಟು ಮಲಗಿದವನಿಗೆ ಬೆಳಿಗ್ಗೆ ತಲೆ ಭಾರ, ಮೂರನೆಯ ಪೀರಿಯಡ್ಡಿಗೆ ಕಣ್ಣು ಎಳೆಯುವುದು. ಬೋರ್ಡಿಗೆ ಮುಖ ಮಾಡಿ ನಿಂತು, ಚಾಕ್‌ಪೀಸು ಬೋರ್ಡಿಗೆ ಒತ್ತಿ ಹಿಡಿದು ಒಂದು ಸಲ ನಿಂತಲ್ಲೇ ತೂಕಡಿಸಿದ್ದೆ. ಎಚ್ಚರಾಗಿ ನೋಡಿದರೆ ನನ್ನ ತ್ರಿಕೋನದ ಒಂದು ಭುಜ ನೆಲದವರೆಗೆ ಇಳಿದಿತ್ತು. ಮಕ್ಕಳು ಅದನ್ನೂ ಹಾಗೆಯೇ ಪುಸ್ತಕಕ್ಕೆ ಇಳಿಸಿಕೊಂಡಿದ್ದರು. ಇಷ್ಟು ಮಲಗುವವನಿಗೆ ಇಷ್ಟು ನಿದ್ದೆ ಯಾಕೆ ಎಂದು ಯಾರೂ ಕೇಳಲಿಲ್ಲ. ಗಣಿತದ ಮೇಷ್ಟ್ರಾದ ನನಗೂ ಹೊಳೆಯಲಿಲ್ಲ.

ಮುಂದಿನದು ಯಾವ ವರ್ಷ ಎಂದು ಹೇಳಲಾರೆ. ಮೊಬೈಲ್ ಬಂದಿತ್ತು, ಇನ್‌ಕಮಿಂಗಿಗೆ ದುಡ್ಡು ಹೋಗುವುದು ನಿಂತಿತ್ತು, ಅಷ್ಟರಿಂದ ನೀವೇ ಅಂದಾಜು ಮಾಡಿ. ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಹಾಕಿದ್ದರು. ಬೆಳಿಗ್ಗೆ ಕೂತರೆ ಸಂಜೆ ಏಳುವುದು, ಹೋಗುವಾಗ ಬರುವಾಗ ಬಸ್ಸಿನಲ್ಲಿ ಮತ್ತೆ ಕೂರುವುದು. ಕೆಲಸ ಮುಗಿಯುವ ಹೊತ್ತಿಗೆ ಎಡಗಾಲಿನ ಮೀನಖಂಡ ಊದಿ ಗಟ್ಟಿಯಾಗಿತ್ತು. ಅಮ್ಮ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರು. ಇದನ್ನು ಆಮೇಲೆ ಕೇಳಿದ ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

ಆ ಭಾನುವಾರ ನಾವು ಕಾಪುವಿನಲ್ಲಿದ್ದೆವು, ಹೆಂಡತಿಯ ತವರಿನಲ್ಲಿ. ಮುಂಬಯಿಯಿಂದ ನೆಂಟರು ಬಂದಿದ್ದರು. ಅತ್ತೆ ಮಟ್ಟು ಊರಿನ ಗುಳ್ಳ ಬದನೆಯ ಹುಳಿ ಮಾಡಿದ್ದರು, ನಾನು ಅನ್ನವನ್ನು ಎಷ್ಟು ಸಲ ಹಾಕಿಸಿಕೊಂಡೆ ಎಂಬುದು ಇಲ್ಲಿ ಬೇಡ. ಮಲಗಿ ಎದ್ದ ಮೇಲೆ ನೆಂಟರಿಗೆ ದೀಪಸ್ತಂಭ ತೋರಿಸಲು ಹೊರಟೆವು. ಬಂಡೆಯ ಮೆಟ್ಟಿಲು ಹತ್ತುವಾಗ ನನಗೆ ಉಸಿರು ಸಾಲದಾಯಿತು. ನಿಂತೆ. ನಿಂತರೂ ಸಾಲದು. ಎದೆಯ ಒಂದು ಬದಿಯಲ್ಲಿ ಉಸಿರೆಳೆದರೆ ಚುಚ್ಚುತ್ತಿತ್ತು. ಅಲ್ಲೇ ಮೆಟ್ಟಿಲಿನ ಮೇಲೆ ಕೂತೆ.

ಹಿಂದಿನಿಂದ ಬರುತ್ತಿದ್ದ ಮಾವ ನೆಂಟರಿಗೆ ಹೇಳಿದ್ದು ಕೇಳಿಸಿತು. "ಅಳಿಯಂದಿರು ತಪಸ್ಸಿಗೆ ಕೂತರು. ಗುಳ್ಳದ ಮಹಿಮೆ."

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. ನೀಲಿಗಟ್ಟಿದ ನನ್ನ ತುಟಿ ನೋಡಿದ ಹೆಂಡತಿ ಮಾತ್ರ ನಗಲಿಲ್ಲ. ಯಾರದ್ದೋ ಓಮ್ನಿ ವ್ಯಾನು ನಿಲ್ಲಿಸಿ ನನ್ನನ್ನು ಅದರಲ್ಲಿ ಹಾಕಿ ಮಣಿಪಾಲಕ್ಕೆ ಒಯ್ದದ್ದು ಅವಳು. ದಾರಿಯುದ್ದಕ್ಕೂ ಮಾವ ನನ್ನ ಕೈ ಹಿಡಿದುಕೊಂಡು, "ಸುಮ್ಮನೆ ತಮಾಷೆಗೆ ಹೇಳಿದ್ದು ಮಾರಾಯ್ರೇ, ಬೇಜಾರು ಮಾಡ್ಬೇಡಿ," ಎನ್ನುತ್ತಿದ್ದರು. ಅದಕ್ಕೆ ಮೊದಲಾಗಲಿ ಆಮೇಲಾಗಲಿ ಅವರು ನನ್ನ ಕೈ ಹಿಡಿದದ್ದಿಲ್ಲ. ಮದುವೆಯ ದಿನ ಹಿಡಿದಿರಬೇಕು.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಂಡು ಹೊರಟು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ ಎಂದರು. ಮರುದಿನ ಕಾರ್ಕಳದಿಂದ ಬಂದ ಅಮ್ಮನಿಗೆ ಹೆಂಡತಿ ಇದನ್ನು ವಿವರಿಸಿದಳು. ಅಮ್ಮ ಎಲ್ಲ ಕೇಳಿ, "ಮೊಸರಿಗಾದರೆ ಹೆಪ್ಪು ನಾವು ಹಾಕುವುದು. ಇದಕ್ಕೆ ಹಾಕಿದ್ದು ಯಾರು?" ಎಂದು ಕೇಳಿದರು. ಅದು ಡಾಕ್ಟರಿಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಕೂತದ್ದು ಹೆಚ್ಚಾಯಿತು, ತೂಕ ಹೆಚ್ಚಾಯಿತು ಎಂದರು. ಗೊರಕೆ ಇದೆಯೇ ಎಂದು ಕೇಳಿದಾಗ ನಾನೇ ಮುಂದೆ ಬಿದ್ದು, "ಸ್ವಲ್ಪ. ಆದರೆ ನಿದ್ದೆ ಬಹಳ ಒಳ್ಳೆಯದು" ಎಂದಿದ್ದೆ. ಯಾವ ಆಧಾರದ ಮೇಲೆ ಹಾಗೆ ಹೇಳಿದೆನೋ.

ಚುಚ್ಚುಮದ್ದು, ಆಮ್ಲಜನಕ ಎಲ್ಲ ಆಗಿ ಕೆಲವು ದಿನಗಳಲ್ಲಿ ಚೇತರಿಸಿಕೊಂಡು ಜನರಲ್ ವಾರ್ಡಿಗೆ ಬಂದೆ. ಪಕ್ಕದ ಮಂಚದಲ್ಲಿ ಬಾಗಲಕೋಟೆ ಕಡೆಯ ಮೇಸ್ತ್ರಿ. ನಿಟ್ಟೆಯ ಹತ್ತಿರ ಒಂದು ಮನೆಯ ಗೋಡೆ ಕಟ್ಟುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಕಾಲಿಗೆ ತೂಕ ಕಟ್ಟಿ ಎತ್ತಿ ಇಟ್ಟಿದ್ದರು. ತಲೆದೆಸೆಯಲ್ಲಿ ಯಾರೋ ತಂದಿಟ್ಟ ಮೋಸಂಬಿಗಳ ಚೀಲ. ಈಗ ಹೇಳುವುದನ್ನು ನಾನು ನೋಡಿಲ್ಲ. ಮಧ್ಯಾಹ್ನ ಊಟವಾಗಿ ಮಲಗಿದ್ದೆ.

ಅಮ್ಮನ ಪ್ರಕಾರ ನಡೆದದ್ದು ಇಷ್ಟು. ಮಗ ಗೊರಕೆ ಹೊಡೆಯುತ್ತಿದ್ದ, ಗೊರಕೆ ನಿಂತಿತು, ಎದ್ದನೆಂದು ಫ್ಲಾಸ್ಕ್ ಹಿಡಿದು ಕ್ಯಾಂಟೀನಿಗೆ ಹೊರಟೆ, ಆ ಮೇಸ್ತ್ರಿ ಸುಮ್ಮಸುಮ್ಮನೆ ಮಗನಿಗೆ ಹಣ್ಣು ಬಿಸಾಡಿದ.

ಮೇಸ್ತ್ರಿ ಹೇಳುವುದು ಬೇರೆ. "ಮಾಸ್ತರ್ರ, ನಿಮ್ಮ ಉಸಿರು ನಿಂತಿತ್ರೀ. ಕರದೆ, ಒದರಿದೆ, ನೀವು ಏಳವಲ್ರಿ. ನಿಮ್ಮ ಅವ್ವಾರು ನೋಡಿದ್ರ ಆರಾಮ ಫ್ಲಾಸ್ಕ್ ತಗೊಂಡು ಹೊಂಟ್ರು! ನನ್ನ ಕಾಲು ಮ್ಯಾಲ ಕಟ್ಟ್ಯಾರ, ಎದ್ದು ಬರಾಕ ಆಗಂಗಿಲ್ಲ. ಕೈಗೆ ಮೋಸಂಬಿ ಸಿಕ್ತು. ಒಗದೇಬಿಟ್ಟೆ."

ಔಷಧಿ ತರಲು ಹೋಗಿದ್ದ ಹೆಂಡತಿ ಬಾಗಿಲಲ್ಲಿ ಕಂಡದ್ದು ಮೂರನೆಯದು. ನನ್ನ ಎದೆಯಿಂದ ಉರುಳಿ ನೆಲದಲ್ಲಿ ಹೋಗುತ್ತಿರುವ ಒಂದು ಮೋಸಂಬಿ. ಇನ್ನೊಂದನ್ನು ಕೈಯಲ್ಲಿ ಹಿಡಿದು ಗುರಿಯಿಡುತ್ತಿರುವ ಮೇಸ್ತ್ರಿ. ನಾನು ನೀರಿನಿಂದ ಮೇಲೆ ಬಂದವನ ಹಾಗೆ ದೊಡ್ಡ ಉಸಿರು ಎಳೆದು, ಕಣ್ಣು ಬಿಡದೆ, ಮತ್ತೆ ಗೊರಕೆಗೆ ಇಳಿದೆನಂತೆ. ಅಮ್ಮ ಫ್ಲಾಸ್ಕನ್ನು ಗದೆಯ ಹಾಗೆ ಹಿಡಿದಿದ್ದರು ಎನ್ನುವುದು ಅವಳು ವರ್ಷಗಳು ಕಳೆದ ಮೇಲೆ ಸೇರಿಸಿದ್ದು. ಇರಲಿ ಬಿಡಿ, ಚೆನ್ನಾಗಿದೆ.

ಅವರ ಗಲಾಟೆಗೆ ಅಲ್ಲಿಂದ ಮುಂದೆ ನನಗೇ ಎಚ್ಚರವಾಗಿತ್ತು. ಜಗಳ ನನ್ನ ಮಂಚದ ಮೇಲಿನಿಂದಲೇ ಆಚೀಚೆ ಹಾರುತ್ತಿತ್ತು.

"ಉಸಿರು ನಿಂತದ್ದಲ್ಲ ಮಾರಾಯ, ಅವನು ಎದ್ದದ್ದು. ಅವನದ್ದು ಹಾಗೆಯೇ."

"ಎದ್ದಿದ್ರ ಕಣ್ಣ ತಗೀಬೇಕಲ್ರಿ ಅವ್ವಾರ?"

"ಅವನು ಕಣ್ಣು ಮುಚ್ಚಿಕೊಂಡೇ ಏಳುವುದು. ಸಣ್ಣದಿರುವಾಗಿಂದ."

"ಅಂಥಾದ್ದು ನಮ್ಮ ಕಡೆ ಯಾರೂ ಏಳಂಗಿಲ್ರಿ."

ಗದ್ದಲ ಕೇಳಿ ಬಂದವರು ಎದೆರೋಗ ವಿಭಾಗದ ಡಾಕ್ಟರು, ಮೊದಲು ಗೊರಕೆಯ ಬಗ್ಗೆ ಕೇಳಿದ್ದವರೇ. ವಯಸ್ಸಿನಲ್ಲಿ ಚಿಕ್ಕವರು, ಕುಂದಾಪುರದ ಕಡೆಯ ಹೆಣ್ಣುಮಗಳು. ಮೇಸ್ತ್ರಿಯ ಮಾತು ಕೇಳಿದರು, ಆಮೇಲೆ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದರು.

"ಅಮ್ಮಾ, ಮನೆಯಲ್ಲಿಯೂ ಹೀಗೆ ಗೊರಕೆ ನಿಂತು ನಿಂತು ಹೋಗ್ತದಾ?"

"ಹೋಗ್ತದೆ ಡಾಕ್ಟ್ರೇ. ಒಂದು ಲೋಟ ಕಾಫಿ ಇವನಿಗೆ ಎಷ್ಟು ಸಲ ಬಿಸಿ ಮಾಡಬೇಕು ಗೊತ್ತುಂಟಾ? ನಿಂತಿತು ಅಂತ ಇಟ್ರೆ ಪುನಃ ಸುರು. ಗ್ಯಾಸ್ ಎಲ್ಲ ಅದಕ್ಕೇ ಹೋಗುವುದು."

ಡಾಕ್ಟರು ನಗಲಿಲ್ಲ. "ಎಷ್ಟು ಸಮಯದಿಂದ?"

"ಇವನದ್ದು ಮದುವೆಯಾದ ಮೇಲೆ ಜೋರಾದದ್ದು. ಇವನ ಅಪ್ಪನದ್ದೂ ಹಾಗೆಯೇ ಇತ್ತು." ಅಮ್ಮ ಅಲ್ಲಿಗೆ ನಿಲ್ಲಿಸಿ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸತೊಡಗಿದರು. ಅಪ್ಪ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಸುಖದ ಸಾವು ಎಂದು ಎಲ್ಲರೂ ಹೇಳಿದ್ದರು. ಅಂದು ಅಮ್ಮ ಕಾಫಿ ಮಾಡಿದ್ದರೇ ಎಂದು ನಾನು ಕೇಳಿಲ್ಲ, ಇಲ್ಲಿ ಊಹಿಸುವುದೂ ಇಲ್ಲ.

ಡಾಕ್ಟರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಗಂಟಲಿನ ದಾರಿ ನಿದ್ದೆಯಲ್ಲಿ ಸಡಿಲವಾಗಿ ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ಎದ್ದದ್ದು ಮಲಗಿದವನಿಗೆ ತಿಳಿಯುವುದಿಲ್ಲ. ದೊಡ್ಡ ಸದ್ದಿನೊಂದಿಗೆ ಉಸಿರು ಬರುತ್ತದೆ, ಮತ್ತೆ ಮುಚ್ಚುತ್ತದೆ. ರಾತ್ರಿಯಿಡೀ ಇದೇ ಆಟ. ಅದಕ್ಕೇ ಹಗಲು ತೂಕಡಿಕೆ. ಹೀಗೆ ಆಮ್ಲಜನಕ ಏರಿಳಿಯುತ್ತಿದ್ದರೆ ರಕ್ತಕ್ಕೆ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಾಗುವುದನ್ನು ಕಂಡಿದ್ದಾರಂತೆ.

"ಹಾಗಾದ್ರೆ ಹೆಪ್ಪು ಹಾಕಿದ್ದು ಗೊರಕೆಯೇ!" ಅಮ್ಮನಿಗೆ ಉತ್ತರ ಸಿಕ್ಕಿತ್ತು.

"ಹಾಗೆ ಹೇಳ್ಲಿಕ್ಕೆ ಆಗುವುದಿಲ್ಲ ಅಮ್ಮಾ. ಇದರಿಂದಲೇ ಅದಾಯ್ತು ಅಂತ ನಾನು ಹೇಳುವುದಿಲ್ಲ. ಎರಡೂ ಒಟ್ಟಿಗೆ ಕಾಣುವುದುಂಟು. ಇವರು ಕೂತ ಕುರ್ಚಿಯೂ ಉಂಟು, ಹೊಟ್ಟೆಯೂ ಉಂಟು. ಯಾರದ್ದು ಎಷ್ಟು ಪಾಲು ಅಂತ ಹೇಳುವುದು ಕಷ್ಟ."

ನನ್ನ ಕಡೆ ತಿರುಗಿದಾಗ ಸ್ವರ ಬದಲಾಯಿತು. ರಕ್ತ ತೆಳುಮಾಡುವ ಮಾತ್ರೆ ಕೆಲವು ತಿಂಗಳು. ಅದು ನಿಂತ ಮೇಲೂ ಉಸಿರು ಹೀಗೆ ಕಟ್ಟುತ್ತಲೇ ಇದ್ದರೆ ಹೆಪ್ಪಿಗೆ ಒಂದು ಬಾಗಿಲನ್ನು ತೆರೆದೇ ಇಟ್ಟ ಹಾಗೆ. "ಎರಡನೆಯ ಸಲ ಮಣಿಪಾಲಕ್ಕೆ ತಲುಪ್ತೀರಿ ಅಂತ ಧೈರ್ಯ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಾಸ್ಟ್ರೇ."

ಒಂದು ರಾತ್ರಿ ಮೈತುಂಬ ವಯರು ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದರು. ಅದರ ವರ್ಣನೆ ನನ್ನಲ್ಲಿಲ್ಲ, ಮಲಗಿದ್ದೆ. ಉಸಿರು ನಿಲ್ಲುವುದು ಖಾತ್ರಿಯಾಯಿತು, ಮೂಗಿಗೆ ಗಾಳಿ ಊದುವ ಯಂತ್ರ ಬೇಕು ಎಂದರು. ನಾನು ಒಪ್ಪಲಿಲ್ಲ. ಸತ್ತು ಸತ್ತು ಬದುಕಿದವನಿಗೆ ಅದರ ಒಂದಿಷ್ಟಾದರೂ ಗುರುತು ಇರಬೇಕಲ್ಲ? ನನಗಿದ್ದದ್ದು ಸುಖವಾದ ಕತ್ತಲೆಯ ನೆನಪು. ವಯರು ಎಲ್ಲೋ ಸಡಿಲಾಗಿರಬಹುದು. ಮೇಸ್ತ್ರಿ ಹೆದರಿದ್ದ. ಅಮ್ಮನಿಗೆ ಕಾಫಿಯ ಹೊರತು ಬೇರೆ ಗೊತ್ತಿಲ್ಲ. ಹೀಗೆ ಒಬ್ಬೊಬ್ಬ ಸಾಕ್ಷಿಯನ್ನೂ ಹೊಡೆದು ಹಾಕಿದೆ, ನನ್ನ ನೆನಪೊಂದನ್ನು ಬಿಟ್ಟು. ನೆನಪನ್ನು ನಂಬಬಾರದೆಂದು ಗೆಳೆಯರೆದುರು ಭಾಷಣ ಮಾಡುತ್ತಿದ್ದವನು ನಾನೇ.

ಡಿಸ್‌ಚಾರ್ಜ್ ಆಗುವ ದಿನ ಹೆಂಡತಿ ಉಡುಪಿಗೆ ಹೋಗಿ ಬಂದಳು. ಕೈಯಲ್ಲಿ ಒಂದು ಹೋಟೆಲಿನ ಕಾಫಿಯ ಫ್ಲಾಸ್ಕ್. ಲೋಟಕ್ಕೆ ಬಗ್ಗಿಸಿ ಕೊಟ್ಟಳು.

"ಹೇಗುಂಟು?"

"ಸಪ್ಪೆ."

"ಇದು ಸಪ್ಪೆ ಅಲ್ಲ. ಕಾಫಿ ಅಂದರೆ ಇದು. ನಾನು ಮದುವೆಯಾಗಿ ಬಂದ ಮೊದಲ ಭಾನುವಾರ ನಿಮ್ಮ ಮನೆಯ ಕಾಫಿ ಒಂದು ಗುಟುಕು ಕುಡಿದು ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಿದ್ದೆ. ಕಾಪುವಿನಲ್ಲಿಯೂ ನೀವು ಮಲಗಿದ ದಿನ ಗೊರಕೆ ನಿಂತಾಗಲೆಲ್ಲ ನನ್ನ ಅಮ್ಮ ಕೇಳುವುದುಂಟು, ಅಳಿಯಂದಿರು ಎದ್ದರೋ ಇಲ್ಲವೋ ಅಂತ. ನಿಮ್ಮ ನೆನಪು ನಿಮಗೆ ಇಲ್ಲದಿದ್ರೆ ಬೇಡ. ನಾಲಿಗೆಯಾದ್ರೂ ಉಂಟಲ್ಲ, ಅದನ್ನು ಕೇಳಿ."

ಮತ್ತೊಂದು ಗುಟುಕು ಕುಡಿದೆ. ಪರಿಮಳವಿತ್ತು. ಕಹಿ ಇರಲಿಲ್ಲ. ಇಷ್ಟು ವರ್ಷ ನಾನು ಕುಡಿದದ್ದು ಕಾಫಿಯನ್ನಲ್ಲ, ನಿಂತ ಉಸಿರುಗಳನ್ನು. ಈ ವಾಕ್ಯ ಆಗಲೇ ಹೊಳೆಯಿತೋ ಈಗ ಬರೆಯುವಾಗ ಅಂದ ಕಾಣಲೆಂದು ಬಂತೋ ಹೇಳಲಾರೆ. ಯಂತ್ರಕ್ಕೆ ಒಪ್ಪಿದ್ದು ಮಾತ್ರ ಆ ಲೋಟ ಕೆಳಗಿಟ್ಟ ಮೇಲೆ. ಹೊರಡುವಾಗ ಮೇಸ್ತ್ರಿಗೆ ಒಂದು ಚೀಲ ಮೋಸಂಬಿ ತಂದುಕೊಟ್ಟೆವು. "ಇನ್ನೊಬ್ರು ಬರ್ತಾರೇನ್ರೀ ಈ ಮಂಚಕ್ಕ? ಹಂಗಿದ್ರ ಇರಲಿ," ಎಂದು ತೆಗೆದುಕೊಂಡ.

ಮನೆಯಲ್ಲಿ ಹೊಸ ಸಂಸಾರ ಶುರುವಾಯಿತು. ರಕ್ತ ತೆಳುಮಾಡುವ ಮಾತ್ರೆ ತಿನ್ನುವಷ್ಟು ದಿನ ಸೊಪ್ಪು ಒಂದೇ ಅಳತೆಯಲ್ಲಿರಬೇಕು, ಒಂದು ದಿನ ರಾಶಿ, ಒಂದು ದಿನ ಇಲ್ಲ ಎಂದಾಗಬಾರದು ಎಂದಿದ್ದರು. ಅಮ್ಮ ಬಸಳೆಯ ಚಪ್ಪರದ ಕೆಳಗೆ ನಿಂತು, ಎಲೆ ಕೊಯ್ದು, ಯೋಚಿಸಿ, ಒಂದೆರಡನ್ನು ಪಕ್ಕದ ಮನೆಯ ದನಕ್ಕೆ ಹಾಕುತ್ತಿದ್ದರು. ಯಂತ್ರದ ಮುಖವಾಡ ಕಟ್ಟಿ ಕೊಳವೆ ಇಳಿಬಿಟ್ಟುಕೊಂಡ ನನ್ನನ್ನು ಮೊದಲ ಸಲ ಕಂಡಾಗ ಕೈಮುಗಿದರು.

"ಎಂತ ಮಾರಾಯ ಇದು, ಗಣಪತಿಯ ಹಾಗೆ!"

"ಹೊಟ್ಟೆ ಮೊದಲೇ ಇತ್ತು ಅತ್ತೆ," ಎಂದಳು ಹೆಂಡತಿ.

ಹಗಲು ಕಣ್ಣು ಎಳೆಯುವುದು ನಿಂತಿತು. ಹಿರಿಯಡಕದ ಪೇಟೆಯನ್ನು ಬೆಳಗಿನ ಬಿಸಿಲಿನಲ್ಲಿ ಕಂಡೆ, ಪೆರ್ಡೂರಿನ ಬಸ್ಸು ಅಲ್ಲಿಂದ ತಿರುಗುವುದು ಕಂಡೆ. ಎಚ್ಚರವಾಗಿ ಕೂತ ನನ್ನನ್ನು ನೋಡಿ ಕಂಡಕ್ಟರ್, "ಮಾಸ್ಟ್ರೇ, ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದು ಗಂಭೀರವಾಗಿ ವಿಚಾರಿಸಿದ.

ಸಮಸ್ಯೆಯಾದದ್ದು ಅಮ್ಮನಿಗೆ. ಗೊರಕೆಯೇ ಇಲ್ಲದ ಮೇಲೆ ನೀರಿಡುವುದು ಯಾವಾಗ? ಮೊದಮೊದಲು ನಾನು ಮಲಗಿದ ಕೂಡಲೇ ಕಾಫಿ ಸಿದ್ಧವಾಗಿಬಿಡುತ್ತಿತ್ತು. ಆಮೇಲೆ ಕಿವಿಯನ್ನು ನಂಬುವುದು ಬಿಟ್ಟರು. ಚಾವಡಿಗೆ ಕುರ್ಚಿ ತಂದು ಹಾಕಿ, ನನ್ನ ಎದೆ ಏರಿಳಿಯುವುದನ್ನು ನೋಡುತ್ತ ಕೂರತೊಡಗಿದರು. ನಮ್ಮ ಮನೆಯ ಕ್ರಮದಲ್ಲಿ ಇಲ್ಲದ್ದು.

ಒಂದು ಭಾನುವಾರ ನಾನು ಎದ್ದಾಗ ಕಾಫಿಯ ವಾಸನೆ ಇರಲಿಲ್ಲ. ಮುಖವಾಡ ತೆಗೆದೆ. ಗೊರಕೆ ಕೇಳಿಸಿತು. ಯಂತ್ರ ಕೆಟ್ಟಿತೇ ಎಂದು ಅದನ್ನು ನೋಡಿದೆ, ಆಮೇಲೆ ಕುರ್ಚಿಯನ್ನು. ಅಮ್ಮ ಕತ್ತು ಒಂದು ಬದಿಗೆ ವಾಲಿಸಿ ಗಾಢವಾಗಿ ಮಲಗಿದ್ದರು.

ಕಾಫಿ ನಾನೇ ಮಾಡೋಣವೆಂದು ಅಡುಗೆಮನೆಗೆ ಹೋಗಿ ಪಾತ್ರೆಗೆ ನೀರು ತುಂಬಿಸಿದೆ. ಅಷ್ಟರಲ್ಲಿ ಚಾವಡಿಯ ಸದ್ದು ನಿಂತಿತು. ಎದ್ದರು, ಎಂದುಕೊಂಡೆ. ನಿಜ, ಹಾಗೆಯೇ ಎಂದುಕೊಂಡೆ, ಕೈ ಲೈಟರಿನ ಕಡೆ ಹೋಗಿತ್ತು. ಮರುಕ್ಷಣ ಹೊಳೆದು, ಪಾತ್ರೆಯನ್ನು ಹಾಗೆಯೇ ಬಿಟ್ಟು ಚಾವಡಿಗೆ ಓಡಿದೆ. ಹೆಂಡತಿಯ ಪ್ರಕಾರ ನಾನು ಓಡಲಿಲ್ಲ, ಅಂದು ಅವಳೂ ಅಡುಗೆಮನೆಯಲ್ಲೇ ಇದ್ದಳು, ಮೊದಲು ಹೋದದ್ದು ಅವಳು. ಇರಬಹುದು. ಭುಜ ಅಲುಗಾಡಿಸಿದ ಕೈ ಮಾತ್ರ ನನ್ನದು.

ಅಮ್ಮ ದೊಡ್ಡ ಉಸಿರು ಎಳೆದು ಕಣ್ಣು ಬಿಟ್ಟರು. "ಎಂತ? ಎಂತಾಯ್ತು?"

"ಗೊರಕೆ ಹೊಡೀತಿದ್ರಿ ಅಮ್ಮಾ. ನಡುವೆ ನಿಂತಿತು."

"ನಾನಾ? ನಾನು ಮಲಗಲೇ ಇಲ್ಲ ಮಾರಾಯ. ನಿನ್ನನ್ನೇ ನೋಡುತ್ತಾ ಇದ್ದೆ."

"ಕಣ್ಣು ಮುಚ್ಚಿಕೊಂಡಾ?"

ಅಮ್ಮ ನನ್ನನ್ನು ನೋಡಿದರು, ಅವರ ಸೊಸೆಯನ್ನು ನೋಡಿದರು. ಇಬ್ಬರೂ ನಗುತ್ತಿದ್ದೆವು, ಇಬ್ಬರ ಕೈಯೂ ಅವರ ಭುಜದ ಮೇಲಿತ್ತು.

"ನಾಳೆ ಶಾಲೆಗೆ ರಜೆ ಹಾಕ್ತೇನೆ. ಮಣಿಪಾಲಕ್ಕೆ ಹೋಗುವಾ," ಎಂದೆ.

"ನನಗೆಂತಕ್ಕೆ? ನನ್ನ ನಿದ್ದೆ ಬಹಳ ಒಳ್ಳೆಯದುಂಟು."

"ಡಾಕ್ಟರಿಗೆ ಅದನ್ನೇ ಹೇಳಿ. ಅವರಿಗೆ ಆ ಮಾತು ಗುರುತುಂಟು."

ಅಮ್ಮ ಸೆರಗು ಸರಿಮಾಡಿಕೊಂಡು, "ಆಯ್ತು. ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋಗುವಾ. ಕಿಟಕಿಯ ಸೀಟು ನನಗೆ," ಎಂದರು.

ಕಾಫಿ ನಾನೇ ಮಾಡಿದೆ. ಒಂದೇ ಸಲ ಬಿಸಿಮಾಡಿದ್ದು. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಸಪ್ಪೆ," ಎಂದರು.